ವೈವಾ ಮುಗಿದ ಮರುದಿನ ಪ್ರಾಜೆಕ್ಟ್ ಎಲ್ಲಿರುತ್ತದೆ?

ಏಳನೇ ಸೆಮಿಸ್ಟರ್ ಶುರುವಾದರೆ ಸಾಕು, ಎಂಜಿನಿಯರಿಂಗ್ ಕಾಲೇಜುಗಳ ಕ್ಯಾಂಟೀನಿನಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: ‘ನಿಮ್ ಟೀಮ್‌ದು ಟಾಪಿಕ್ ಫಿಕ್ಸ್ ಆಯ್ತಾ?’ ಅದರ ಬೆನ್ನಿಗೇ ಇನ್ನೊಂದು: ‘ಫಂಡಿಂಗ್‌ಗೆ ಅಪ್ಲೈ ಮಾಡ್ತಿದ್ದೀರಾ?’ ಮೊದಲ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಸೀನಿಯರ್‌ಗಳ ಹಳೇ ರಿಪೋರ್ಟ್‌ನಲ್ಲೋ ಯೂಟ್ಯೂಬಿನಲ್ಲೋ ಸಿಕ್ಕಿಬಿಡುತ್ತದೆ. ಎರಡನೆಯದಕ್ಕೆ ಹೆಚ್ಚಿನವರು ‘ಗೈಡ್ ಹೇಳಿದ್ರೆ ನೋಡೋಣ’ ಎಂದು ಸುಮ್ಮನಾಗುತ್ತಾರೆ.

ನಾನು ತುಮಕೂರು ಜಿಲ್ಲೆಯವನು, ಎಲೆಕ್ಟ್ರಾನಿಕ್ಸ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿ. ಈ ಸಲ ನಾವು ನಾಲ್ವರು ಸೇರಿ ಅನುದಾನಕ್ಕೆ ಅರ್ಜಿ ಹಾಕಲು ಹೊರಟಿದ್ದೇವೆ. ಅರ್ಜಿ ತುಂಬುವ ಮೊದಲು ಕೆಲವು ವಾರ ಬರೀ ಓಡಾಡಿದೆವು, ಓದಿದೆವು, ಜಗಳವಾಡಿದೆವು. ಆ ಓಡಾಟದಲ್ಲಿ ಒಂದು ಮಾತು ಸ್ಪಷ್ಟವಾಯಿತು. ವಿದ್ಯಾರ್ಥಿ ಪ್ರಾಜೆಕ್ಟ್‌ಗಳ ಅಸಲಿ ಕೊರತೆ ಐಡಿಯಾದ್ದಲ್ಲ, ಹಣದ್ದೂ ಪೂರ್ತಿ ಅಲ್ಲ. ವೈವಾ ಮುಗಿದ ಮರುದಿನ ಆ ವಸ್ತು ಯಾರ ಕೈಯಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ವಿದ್ಯಾರ್ಥಿ ಕೇಳಿಕೊಳ್ಳುವುದಿಲ್ಲ, ಕಾಲೇಜು ಕೇಳುವುದಿಲ್ಲ, ಹಣ ಕೊಡುವವರೂ ಗಟ್ಟಿಯಾಗಿ ಕೇಳುವುದಿಲ್ಲ.

ಮೇಲೆ ಕೋಟಿ, ಕೆಳಗೆ ಸಾವಿರ

ಮೊದಲು ಹಣದ ಲೆಕ್ಕ ನೋಡೋಣ. 2025ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯಕ್ಕಾಗಿ 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲು, 2023ರಲ್ಲಿ, ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿ ಎಂಬ ಅಂದಾಜು. ಅದರಲ್ಲಿ ಹೆಚ್ಚಿನ ಪಾಲು ಸರ್ಕಾರೇತರ ಮೂಲಗಳಿಂದ ಬರಬೇಕು. ಇವೆರಡೂ ಬೇಕಾಗಿದ್ದವು. 2020–21ರ ಲೆಕ್ಕದಂತೆ ಸಂಶೋಧನೆಗೆ ನಮ್ಮ ದೇಶ ಮಾಡುತ್ತಿದ್ದ ಖರ್ಚು ಜಿಡಿಪಿಯ ಶೇ 0.64 ಮಾತ್ರ. ದಕ್ಷಿಣ ಕೊರಿಯಾ, ಇಸ್ರೇಲ್‌ಗಳಲ್ಲಿ ಅದು ಶೇ 4.5ನ್ನೂ ದಾಟಿದೆ.

ಆದರೆ ಈ ದೊಡ್ಡ ಹಣದ ಬಾಗಿಲು ನಮ್ಮಂಥವರಿಗೆ ತೆರೆಯುವುದು ಬಹಳ ಮೇಲೆ. ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಅಳೆಯಲು ಒಂದರಿಂದ ಒಂಬತ್ತರವರೆಗಿನ ಮೆಟ್ಟಿಲುಗಳ ಲೆಕ್ಕವಿದೆ. ಅಮೆರಿಕದ ನಾಸಾದಲ್ಲಿ ಹುಟ್ಟಿದ ಈ ಅಳತೆಗೋಲನ್ನು ಈಗ ಎಲ್ಲೆಡೆ ಬಳಸುತ್ತಾರೆ. 1 ಲಕ್ಷ ಕೋಟಿಯ ಯೋಜನೆ ನಾಲ್ಕನೇ ಮೆಟ್ಟಿಲು ಮತ್ತು ಅದಕ್ಕೂ ಮೇಲಿನವರಿಗೆ. ಅದೂ ಮುಖ್ಯವಾಗಿ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲದ ರೂಪದಲ್ಲಿ. ಕಾಲೇಜು ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮೇಲೆ ವೈರು ಸಿಕ್ಕಿಸಿಕೊಂಡು ಕೂತವರು ಎರಡನೆಯ, ಹೆಚ್ಚೆಂದರೆ ಮೂರನೆಯ ಮೆಟ್ಟಿಲಲ್ಲಿರುತ್ತೇವೆ.

ಆ ಕೆಳಗಿನ ಮೆಟ್ಟಿಲಿಗೆ ಕೈ ಕೊಡುವ ವ್ಯವಸ್ಥೆಯೊಂದು ನಮ್ಮ ರಾಜ್ಯದಲ್ಲಿ ಬಹಳ ಹಿಂದಿನಿಂದಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಡೆಸುತ್ತಿದೆ. ಕಾಲೇಜಿನ ಮೂಲಕ ಪ್ರಸ್ತಾವ ಕಳಿಸಬೇಕು, ತಜ್ಞರು ಆಯ್ಕೆ ಮಾಡುತ್ತಾರೆ, ನಡುವೆ ಒಮ್ಮೆ ಮೌಲ್ಯಮಾಪನ ನಡೆಯುತ್ತದೆ, ಚೆನ್ನಾಗಿರುವವು ರಾಜ್ಯಮಟ್ಟದ ವಿಚಾರಸಂಕಿರಣ ಮತ್ತು ಪ್ರದರ್ಶನಕ್ಕೆ ಹೋಗುತ್ತವೆ. ಸಿಗುವ ಮೊತ್ತ ಕೆಲವು ಸಾವಿರ ರೂಪಾಯಿ. ಇದರ ಮೇಲಿನ ಹಂತದಲ್ಲಿ, ಮಾದರಿಯನ್ನು ನಿಜವಾದ ಉತ್ಪನ್ನಕ್ಕೆ ಹತ್ತಿರ ತರಲು, ಕೇಂದ್ರದ ನಿಧಿ–ಪ್ರಯಾಸ್ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ.

ಅಂದರೆ ಕೆಳಗೆ ಸಾವಿರ, ನಡುವೆ ಲಕ್ಷ, ಮೇಲೆ ಕೋಟಿ. ಏಣಿ ಇದೆ. ಆದರೆ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಕಾಲಿಡುವ ಹೊತ್ತಿಗೆ ನಾವು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ಬೆಂಗಳೂರಿನ ಪಿಜಿಯಲ್ಲಿರುತ್ತೇವೆ. ಪ್ರಾಜೆಕ್ಟ್ ಕಾಲೇಜಿನ ಬೀರುವಿನಲ್ಲಿ ಧೂಳು ತಿನ್ನುತ್ತಿರುತ್ತದೆ.

ಅಂಗಡಿಯಲ್ಲಿ ಸಿಗುವ ಪ್ರಾಜೆಕ್ಟ್

ರೆಡಿಮೇಡ್ ಪ್ರಾಜೆಕ್ಟ್ ಮಾರುವವರ ಬಗ್ಗೆ ಮಾತಾಡದೆ ಈ ವಿಷಯ ಮುಗಿಯುವುದಿಲ್ಲ. ದುಡ್ಡು ಕೊಟ್ಟರೆ ಮಾಡೆಲ್, ಕೋಡ್, ರಿಪೋರ್ಟ್, ಪಿಪಿಟಿ, ಜೊತೆಗೆ ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳ ಪಟ್ಟಿ ಎಲ್ಲವೂ ಸಿಗುತ್ತವೆ. ಇದನ್ನು ಬರೀ ‘ಈಗಿನ ಹುಡುಗರ ಸೋಮಾರಿತನ’ ಎಂದು ತಳ್ಳಿಹಾಕುವುದು ಸುಲಭ. ನನ್ನ ತರಗತಿಯಲ್ಲೇ ಹಾಗೆ ಕೊಂಡವರಿದ್ದಾರೆ, ಅವರು ಸೋಮಾರಿಗಳಲ್ಲ. ಬೆಳಿಗ್ಗೆ ಐದಕ್ಕೆದ್ದು ಬಸ್ಸು ಹಿಡಿದು ಬರುವವರು, ಸಂಜೆ ಅಪ್ಪನ ಅಂಗಡಿಯಲ್ಲಿ ಕೂರುವವರು. ಒಂದು ಕಡೆ ಪ್ಲೇಸ್‌ಮೆಂಟ್ ಪರೀಕ್ಷೆಗಳು, ಇನ್ನೊಂದು ಕಡೆ ಬ್ಯಾಕ್‌ಲಾಗ್. ಒಬ್ಬ ಗೈಡ್ ಕೈಕೆಳಗೆ ಹಲವು ಬ್ಯಾಚ್‌ಗಳು. ಡೆಮೊ ದಿನ ಮಾಡೆಲ್ ಓಡದಿದ್ದರೆ ಅಂಕ ಹೋಗುತ್ತದೆ ಎಂಬ ಭಯ. ಈ ಭಯವೇ ಆ ಅಂಗಡಿಗಳ ಬಂಡವಾಳ.

ಅನುದಾನದ ಹಣವಾದರೂ ಈ ಭಯ ಕಡಿಮೆ ಮಾಡಬೇಕಿತ್ತು. ಆದರೆ ನಮ್ಮ ಸೀನಿಯರ್ ತಂಡವೊಂದಕ್ಕೆ ಮಂಜೂರಾದ ಸಣ್ಣ ಮೊತ್ತ ಕೈಸೇರಿದ್ದು ಅವರ ಕೊನೆಯ ಪರೀಕ್ಷೆ ಮುಗಿದ ಮೇಲೆ. ಅಷ್ಟರಲ್ಲಿ ನಾಲ್ವರೂ ಮನೆಯಿಂದ ದುಡ್ಡು ತಂದು ಸೆನ್ಸರ್ ಕೊಂಡಾಗಿತ್ತು. ಮನೆಯಿಂದ ತರಲಾಗದವರ ಗತಿ ಏನು? ಅಂಥವರು ಅರ್ಜಿ ಹಾಕುವ ಆಸೆಯನ್ನೇ ಬಿಡುತ್ತಾರೆ. ಹಣ ತೀರಾ ಬೇಕಾದವರೇ ಅನುದಾನದಿಂದ ದೂರ ಉಳಿಯುವುದು ಹೀಗೆ.

ಪುರ ಗ್ರಾಮ ಕೇಳಿದ್ದು ನೀರು

ಹಾಗಾದರೆ ಒಂದು ಐಡಿಯಾ ಯಾವಾಗ ಉಳಿಯುತ್ತದೆ? ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಲಿಲ್ಲ. ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಅದಕ್ಕೊಂದು ಕಥೆ ಇದೆ.

1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಶುರುವಾಯಿತು. ನಮ್ಮ ಅಜ್ಜಿಯಂದಿರಿಗೆ ಗೊತ್ತಿರುವ ‘ಅಸ್ತ್ರ ಒಲೆ’ ಬಂದದ್ದು ಈ ಕೆಲಸದಿಂದಲೇ.

ಅದೇ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಉದ್ದೇಶ ಮನೆಮನೆಗೆ ಅಡುಗೆ ಅನಿಲ. ಅದು ನಿಲ್ಲಲಿಲ್ಲ. ಊರಿನಲ್ಲಿ ಸಿಗುವ ಸಗಣಿಯಿಂದ ಎಲ್ಲ ಮನೆಯ ಅಡುಗೆಗೂ ಸಾಲುವಷ್ಟು ಅನಿಲ ಬರುತ್ತಿರಲಿಲ್ಲ. ಊರವರಿಗೆ ಅದಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಆಮೇಲೆ ಯೋಜನೆಯನ್ನೇ ತಿರುಗಿಸಿದರು. ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ಮಾಡಿ, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. 1987ರಲ್ಲಿ ಶುರುವಾದ ಈ ವ್ಯವಸ್ಥೆಯನ್ನು ಊರಿನ ಯುವಕರೇ ನಡೆಸಿದರು. ಸಗಣಿ ತಂದುಕೊಟ್ಟವರಿಗೆ ಹಣ ಸಿಗುತ್ತಿತ್ತು, ಗೊಬ್ಬರವೂ ವಾಪಸ್ ಸಿಗುತ್ತಿತ್ತು. ಹಲವು ವರ್ಷ ಅದು ನಡೆಯಿತು.

ಸ್ಥಾವರ ಅದೇ, ಸಗಣಿ ಅದೇ, ತಜ್ಞರೂ ಅವರೇ. ಬದಲಾಗಿದ್ದು ‘ನಿಮಗೆ ಏನು ಬೇಕು’ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ. ಅಂಥ ದೊಡ್ಡ ವಿಜ್ಞಾನಿಗಳಿಗೇ ಊರಿನ ಮಾತು ಕೇಳಿ ಯೋಜನೆ ತಿರುಗಿಸಬೇಕಾಯಿತು ಎಂದ ಮೇಲೆ, ಲ್ಯಾಬಿನಲ್ಲಿ ಕೂತು ‘ರೈತರ ಸಮಸ್ಯೆಗೆ ಪರಿಹಾರ’ ಎಂದು ಟೈಪ್ ಮಾಡುವ ನಾವು ಇನ್ನೆಷ್ಟು ಕೇಳಬೇಕು?

ನೀರುಗಂಟಿಗೆ ಬೇಕಾದ ಕೆಂಪು ದೀಪ

ನಮ್ಮ ತಂಡ ಆರಿಸಿಕೊಂಡ ವಿಷಯ ಶುದ್ಧ ಕುಡಿಯುವ ನೀರಿನ ಘಟಕ. ಊರೂರಿಗೂ ಇವು ಬಂದಿವೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಎಷ್ಟೋ ಕಡೆ ಕೆಟ್ಟು ನಿಂತಿವೆ. ಕೆಟ್ಟು ನಿಂತದ್ದು ಕಣ್ಣಿಗಾದರೂ ಕಾಣುತ್ತದೆ. ಕಾಣದೆ ಕೆಡುವುದು ಅದಕ್ಕಿಂತ ಅಪಾಯ. ನಮ್ಮ ಜಿಲ್ಲೆಯ ಪಾವಗಡದ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಲ್ಲಿನ ಮೇಲೆ ಕಂದು ಕಲೆ ಕಾಣುವ ಹೊತ್ತಿಗೆ ಮಗು ವರ್ಷಗಟ್ಟಲೆ ಆ ನೀರು ಕುಡಿದಿರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ಈ ವಿಷಯ ಹಿಡಿದ ಹೆಚ್ಚಿನ ವಿದ್ಯಾರ್ಥಿ ಅರ್ಜಿಗಳು ಹೋಗುವ ದಾರಿ ಒಂದೇ: ನೀರಿಗೆ ಟಿಡಿಎಸ್ ಸೆನ್ಸರ್ ಇಳಿಬಿಡುವುದು, ಅಂಕಿಯನ್ನು ಮೊಬೈಲ್ ಆ್ಯಪ್‌ಗೆ ಕಳಿಸುವುದು, ಶೀರ್ಷಿಕೆಯಲ್ಲಿ ‘ಐಒಟಿ’, ‘ಎಐ’ ಸೇರಿಸುವುದು. ಆದರೆ ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಅದು ಹೇಳುವುದಿಲ್ಲ.

ಒಂದು ಲೆಕ್ಕ ನೋಡಿ. ಕೊಳವೆಬಾವಿ ನೀರಿನ ಟಿಡಿಎಸ್ 1,200, ಫ್ಲೋರೈಡ್ 4 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಘಟಕದ ಮೆಂಬ್ರೇನ್ ಹೊಸದಿದ್ದಾಗ ಶೇ 95ರಷ್ಟು ಲವಣ ತಡೆಯುತ್ತದೆ. ಹೊರಬರುವ ನೀರಿನ ಟಿಡಿಎಸ್ 60. ಎಲ್ಲ ಚೆನ್ನಾಗಿದೆ. ಮೆಂಬ್ರೇನ್ ಹಳತಾಗಿ ಶೇ 60 ಮಾತ್ರ ತಡೆಯುತ್ತಿದೆ ಎನ್ನೋಣ. ಈಗ ಹೊರಬರುವ ನೀರಿನ ಟಿಡಿಎಸ್ 480. ಮಾನಕದ ಮಿತಿ 500. ಮೀಟರ್ ನೋಡಿದವರು ‘ನೀರು ಸರಿಯಾಗಿದೆ’ ಎನ್ನುತ್ತಾರೆ. ಫ್ಲೋರೈಡ್ ಕೂಡ ಅದೇ ಪ್ರಮಾಣದಲ್ಲಿ ನುಸುಳಿದರೆ 1.6 ಮಿಲಿಗ್ರಾಂ ಆಗುತ್ತದೆ. ಅದು ಮಿತಿ ಮೀರಿತು. ಮೀಟರ್ ಪಾಸ್, ನೀರು ಫೇಲ್!

ಹಾಗಾಗಿ ಹೊರಬರುವ ನೀರೊಂದನ್ನೇ ಅಳೆದು ಪ್ರಯೋಜನವಿಲ್ಲ. ಒಳಹೋಗುವ ನೀರು, ಹೊರಬರುವ ನೀರು ಎರಡನ್ನೂ ಅಳೆದು, ಮೆಂಬ್ರೇನ್ ತಡೆಯುವ ಪ್ರಮಾಣ ಇಳಿಯುತ್ತಿದೆಯೇ ಎಂದು ನೋಡಬೇಕು. ಇಳಿದಾಗ ಫ್ಲೋರೈಡ್ ಪರೀಕ್ಷೆಗೆ ನೀರು ಕಳಿಸಬೇಕು. ಜಲಜೀವನ್ ಮಿಷನ್ ಅಡಿ ನೀರಿನ ಪ್ರಯೋಗಾಲಯಗಳನ್ನು ಕಡಿಮೆ ಶುಲ್ಕಕ್ಕೆ ಜನರಿಗೂ ತೆರೆಯಲಾಗಿದೆ. ಹಳ್ಳಿಯಲ್ಲೇ ಪರೀಕ್ಷಿಸುವ ಕಿಟ್‌ಗಳೂ ಇವೆ. ನಮ್ಮ ಸಾಧನ ಪ್ರಯೋಗಾಲಯದ ಕೆಲಸ ಮಾಡುವುದಿಲ್ಲ. ಯಾವಾಗ ಪ್ರಯೋಗಾಲಯಕ್ಕೆ ಹೋಗಬೇಕು ಎಂದು ಹೇಳುತ್ತದೆ, ಅಷ್ಟೇ.

ಇಷ್ಟು ಯೋಚಿಸಿಕೊಂಡು ಒಂದು ಊರಿನ ನೀರುಗಂಟಿಯವರ ಹತ್ತಿರ ಹೋದೆವು. ‘ಅಣ್ಣ, ನೀರು ಸರಿಯಿಲ್ಲ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?’ ಎಂದು ಕೇಳಿದೆವು. ‘ಕುಡಿದು ನೋಡ್ತೀನಪ್ಪ. ಸಪ್ಪೆ ಇದ್ರೆ ಸರಿ ಐತೆ. ಉಪ್ಪುಪ್ಪು ಅನ್ಸಿದ್ರೆ ಏಜೆನ್ಸಿಯವ್ರಿಗೆ ಫೋನ್ ಮಾಡ್ತೀನಿ’ ಎಂದರು. ಆ್ಯಪ್ ಮಾಡಿಕೊಟ್ಟರೆ ಅನುಕೂಲವೇ ಎಂದಾಗ ನಕ್ಕರು. ‘ನನ್ ಫೋನಲ್ಲಿ ಅದೆಲ್ಲ ಬರಲ್ಲ ಕಣಪ್ಪ. ಯಾವಾಗ ಕರೀಬೇಕು ಅಂತ ಗೊತ್ತಾದ್ರೆ ಸಾಕು.’

ಆ ಒಂದು ಮಾತಿಗೆ ನಮ್ಮ ಪಟ್ಟಿಯಿಂದ ಆ್ಯಪ್ ಹೋಯಿತು, ಗ್ರಾಫ್ ಹೋಯಿತು, ಕ್ಲೌಡ್ ಹೋಯಿತು. ಉಳಿದದ್ದು ಗೋಡೆಗೊಂದು ಕೆಂಪು ದೀಪ, ನೀರುಗಂಟಿ ಮತ್ತು ಪಿಡಿಒ ಇಬ್ಬರಿಗೂ ಹೋಗುವ ಒಂದು ಎಸ್ಎಂಎಸ್. ಖರ್ಚೂ ಅರ್ಧಕ್ಕರ್ಧ ಇಳಿಯಿತು.

ಅರ್ಜಿ ಬರೆಯುವ ಮೊದಲು

ಅನುದಾನಕ್ಕೆ ಯೋಚಿಸುತ್ತಿರುವ ಗೆಳೆಯರಿಗೆ ಉಪಯೋಗವಾಗಬಹುದು ಎಂದು ನಾವು ಅನುಸರಿಸುತ್ತಿರುವ ಕ್ರಮ ಹೇಳುತ್ತೇನೆ.

ಮೊದಲನೆಯದು, ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ; ಅದರಲ್ಲಿ ಒಂದು ಜಾಗ, ಒಬ್ಬ ಮನುಷ್ಯ, ಒಂದು ಅಳತೆ ಇರಲಿ. ‘ಗ್ರಾಮೀಣ ಭಾರತದ ನೀರಿನ ಸಮಸ್ಯೆ’ ಎಂದು ಬರೆದರೆ ಅದು ಭಾಷಣ. ‘ಈ ಊರಿನ ಘಟಕದ ಮೆಂಬ್ರೇನ್ ಸೋತದ್ದು ನೀರುಗಂಟಿಗೆ ಒಂದು ದಿನದೊಳಗೆ ಗೊತ್ತಾಗಬೇಕು’ ಎಂದು ಬರೆದರೆ ಅದು ಪ್ರಾಜೆಕ್ಟ್. ಎರಡನೆಯದನ್ನು ಅಳೆಯಬಹುದು, ಸೋತರೆ ಸೋತಿತೆಂದು ಹೇಳಬಹುದು.

ಎರಡನೆಯದು, ಈಗಾಗಲೇ ಇರುವುದನ್ನು ಪ್ರಾಮಾಣಿಕವಾಗಿ ಬರೆಯಿರಿ. ಮಾರುಕಟ್ಟೆಯಲ್ಲಿ ಸಿಗುವ ಸಾಧನ ಯಾವುದು, ಬೆಲೆ ಎಷ್ಟು, ಅದು ಪಂಚಾಯಿತಿಗೆ ಏಕೆ ಒಗ್ಗುವುದಿಲ್ಲ? ‘ಇದು ಜಗತ್ತಿನಲ್ಲೇ ಮೊದಲು’ ಎಂದರೆ ಓದುವ ತಜ್ಞರು ನಂಬುವುದಿಲ್ಲ. ‘ಇಷ್ಟು ಇದೆ, ಇಷ್ಟು ಕೊರತೆ ಇದೆ’ ಎಂದರೆ ನಂಬುತ್ತಾರೆ.

ಮೂರನೆಯದು, ಬಜೆಟ್. ಬೋರ್ಡಿಗೆ 500, ಎರಡು ಸೆನ್ಸರ್‌ಗೆ 1,600, ಉಷ್ಣತೆ ಅಳೆಯುವುದಕ್ಕೆ 150, ಸಿಮ್ ಮಾಡ್ಯೂಲ್‌ಗೆ 900, ಡಬ್ಬಿ, ದೀಪ, ಪವರ್ ಸಪ್ಲೈಗೆ 1,200. ಒಟ್ಟು 4,350 ರೂಪಾಯಿ ಎಂಬುದು ನಮ್ಮ ಅಂದಾಜು. ಹೆಚ್ಚಿನ ಅರ್ಜಿಗಳು ಇಲ್ಲಿಗೇ ನಿಲ್ಲುತ್ತವೆ. ಸೆನ್ಸರ್ ಸುಟ್ಟರೆ? ಇನ್ನೊಂದು ಬೋರ್ಡ್, ಇನ್ನೆರಡು ಸೆನ್ಸರ್‌ಗೆ 2,100 ಸೇರಿಸಿದೆವು. ಊರಿಗೆ ಹೋಗಿಬರುವ ಬಸ್ ಚಾರ್ಜ್, ಪ್ರಯೋಗಾಲಯದ ಶುಲ್ಕಕ್ಕೆ 1,500. ಒಟ್ಟು 7,950. ಉಷ್ಣತೆ ಅಳೆಯುವ 150 ರೂಪಾಯಿಯ ಸೆನ್ಸರ್ ಏಕೆ ಎಂದು ಗೆಳೆಯನೊಬ್ಬ ಕೇಳಿದ. ನೀರು ಒಂದು ಡಿಗ್ರಿ ಬಿಸಿಯಾದರೆ ಅದರ ವಿದ್ಯುತ್ ವಾಹಕತೆ ಸುಮಾರು ಶೇ 2ರಷ್ಟು ಏರುತ್ತದೆ. ಅದನ್ನು ಸರಿದೂಗಿಸದಿದ್ದರೆ ಬೇಸಿಗೆಯ ಮಧ್ಯಾಹ್ನದ ಅಂಕಿಗೂ ಬೆಳಗಿನ ಜಾವದ ಅಂಕಿಗೂ ತಾಳೆಯಾಗುವುದಿಲ್ಲ. ಬಜೆಟ್‌ನ ಒಂದೊಂದು ಸಾಲಿಗೂ ಹೀಗೆ ಕಾರಣ ಕೊಡುವಂತಿರಬೇಕು. ಕೊಡಲಾಗದ ಸಾಲನ್ನು ಹೊಡೆದುಹಾಕಿ.

ನಾಲ್ಕನೆಯದು, ಹಣ ತಡವಾದರೆ ಏನು ಮಾಡುತ್ತೀರಿ ಎಂದು ಮೊದಲೇ ನಿರ್ಧರಿಸಿ. ನಾವು ಕೆಲಸವನ್ನು ಎರಡು ಭಾಗ ಮಾಡಿದ್ದೇವೆ. ಕಾಲೇಜು ಲ್ಯಾಬಿನಲ್ಲಿರುವ ಸಾಮಾನಿನಿಂದಲೇ ಆಗುವ ಪ್ರಯೋಗ ಮೊದಲು: ಬಕೆಟ್ ನೀರಿಗೆ ತೂಕ ಮಾಡಿದ ಉಪ್ಪು ಬೆರೆಸಿ ಸೆನ್ಸರ್ ಎಷ್ಟು ನಿಖರ ಎಂದು ನೋಡುವುದು. ಘಟಕದಲ್ಲಿ ಜೋಡಿಸುವುದು ಎರಡನೆಯ ಭಾಗ. ಹಣ ಬರದಿದ್ದರೂ ಮೊದಲ ಭಾಗದ ಫಲಿತಾಂಶ ಕೈಯಲ್ಲಿರುತ್ತದೆ.

ಐದನೆಯದು ಮುಖ್ಯವಾದದ್ದು: ಹಸ್ತಾಂತರ. ವೈವಾ ಆದ ಮೇಲೆ ಸಾಧನ ಯಾರದು? ಕೆಟ್ಟರೆ ಯಾರು ನೋಡುತ್ತಾರೆ? ಸಿಮ್ ರೀಚಾರ್ಜ್ ಯಾರು ಮಾಡಿಸುತ್ತಾರೆ? ಇದಕ್ಕೆ ಪಂಚಾಯಿತಿಯಿಂದ ಒಂದು ಪತ್ರ ಪಡೆಯಲು ಓಡಾಡುತ್ತಿದ್ದೇವೆ. ಜೊತೆಗೆ ನಮ್ಮ ಜೂನಿಯರ್ ಇಬ್ಬರನ್ನು ಈಗಿನಿಂದಲೇ ಊರಿಗೆ ಕರೆದೊಯ್ಯುತ್ತಿದ್ದೇವೆ. ಕನ್ನಡದಲ್ಲಿ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇವೆ. ಅರವತ್ತು ಪುಟದ ಇಂಗ್ಲಿಷ್ ರಿಪೋರ್ಟ್‌ಗಿಂತ ಇದನ್ನು ಬರೆಯುವುದು ಕಷ್ಟ ಎಂಬುದು ಬರೆಯಲು ಕೂತಾಗ ತಿಳಿಯಿತು.

ವ್ಯವಸ್ಥೆ ಬದಲಾಗಬೇಕಾದಲ್ಲಿ

ವಿದ್ಯಾರ್ಥಿಗಳಿಗೆ ಬರೀ ಬುದ್ಧಿ ಹೇಳಿ ಮುಗಿಸಿದರೆ ಅನ್ಯಾಯ. ಅನುದಾನ ಕೊಡುವವರೂ ಕಾಲೇಜುಗಳೂ ಮಾಡಬಹುದಾದ್ದು ಇದೆ, ಅದಕ್ಕೆ ಕೋಟಿಗಳೇನೂ ಬೇಕಿಲ್ಲ.

ಮಂಜೂರಾದ ಸಣ್ಣ ಮೊತ್ತದಲ್ಲಿ ಅರ್ಧವನ್ನಾದರೂ ಕೆಲಸ ಶುರುವಾಗುವ ಮೊದಲು ಕೊಡಬೇಕು. ಸರ್ಕಾರದ ಹಣ ತಡವಾದರೆ ಕಾಲೇಜು ತನ್ನ ಖಾತೆಯಿಂದ ಮುಂಗಡ ಕೊಟ್ಟು ಆಮೇಲೆ ಹೊಂದಿಸಿಕೊಳ್ಳಬಹುದು. ಅರ್ಜಿ ನಮೂನೆಯಲ್ಲಿ ‘ಬಳಸುವವರು ಯಾರು, ಅವರೊಂದಿಗೆ ಮಾತಾಡಿದ್ದೀರಾ, ಮುಂದಿನ ವರ್ಷ ಯಾರು ನೋಡಿಕೊಳ್ಳುತ್ತಾರೆ’ ಎಂಬ ಮೂರು ಪ್ರಶ್ನೆ ಸೇರಿಸಿ ಅದಕ್ಕೆ ಅಂಕ ಇಡಬೇಕು. ಹಿಂದಿನ ಬ್ಯಾಚಿನ ಒಳ್ಳೆಯ ಪ್ರಾಜೆಕ್ಟನ್ನು ಮುಂದುವರಿಸುವ ತಂಡಕ್ಕೂ ಅನುದಾನ ಸಿಗಬೇಕು. ಈಗ ‘ಹೊಸದು’ ಎಂಬ ಪದಕ್ಕೆ ಎಷ್ಟು ಬೆಲೆಯೆಂದರೆ, ಸೀನಿಯರ್‌ಗಳು ಅರ್ಧಕ್ಕೆ ಬಿಟ್ಟದ್ದನ್ನು ಸರಿಯಾಗಿ ಮುಗಿಸಲು ಯಾರೂ ಮುಂದೆ ಬರುವುದಿಲ್ಲ. ಡೆಮೊ ದಿನ ಓಡದ ಮಾಡೆಲ್‌ಗೂ, ಏಕೆ ಓಡಲಿಲ್ಲ ಎಂದು ಅಳತೆ ಸಮೇತ ವಿವರಿಸಿದರೆ, ಅಂಕ ಸಿಗಬೇಕು. ಅಂಗಡಿಯಿಂದ ತಂದ ಪ್ರಾಜೆಕ್ಟ್‌ಗೆ ಅಂಥ ವಿವರಣೆ ಕೊಡಲು ಬರುವುದಿಲ್ಲ.

ಇದೆಲ್ಲ ಕೆಲಸ ಹುಡುಕುವವರಿಗೆ ಏಕೆ ಮುಖ್ಯ ಎಂದು ಕೇಳಬಹುದು. ಹೊಸಬರ ಸಂದರ್ಶನದಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳದೆ ಬಿಡುವುದು ಅಪರೂಪ. ‘ಏಕೆ ಈ ಸೆನ್ಸರ್? ಬೇರೆಯದು ಏಕೆ ಬೇಡ? ಎಲ್ಲಿ ಕೈಕೊಟ್ಟಿತು?’ ಎಂಬ ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕೊಂಡ ಪ್ರಾಜೆಕ್ಟಿನ ಬಣ್ಣ ಬಯಲಾಗುತ್ತದೆ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಓದಿದ, ಇಂಗ್ಲಿಷ್ ಸ್ವಲ್ಪ ತಡವರಿಸುವ ನಮ್ಮಂಥವರಿಗೆ ನಾವೇ ಅಳೆದ ಒಂದು ಅಂಕಿ, ನಾವೇ ಕೇಳಿಸಿಕೊಂಡ ಒಂದು ಮಾತು ದೊಡ್ಡ ಬಲ. ಅದನ್ನು ಹೇಳುವಾಗ ತಡವರಿಸಬೇಕಾಗುವುದಿಲ್ಲ.

ನಮ್ಮ ಅರ್ಜಿ ಆಯ್ಕೆಯಾಗುತ್ತದೋ ಇಲ್ಲವೋ ಹೇಳಲಾರೆ. ಅರ್ಜಿ ಸೋತರೂ 4,350 ರೂಪಾಯಿ ಹೊಂದಿಸಿ ಒಂದು ಘಟಕಕ್ಕಾದರೂ ದೀಪ ಹಾಕುವುದೆಂದು ತೀರ್ಮಾನಿಸಿದ್ದೇವೆ. ಆ ದೀಪ ಒಂದು ದಿನ ಕೆಂಪಾಗಿ, ನೀರುಗಂಟಿ ಅಣ್ಣ ಏಜೆನ್ಸಿಗೆ ಫೋನ್ ಮಾಡಿ, ಮೆಂಬ್ರೇನ್ ಬದಲಾದರೆ, ನಮ್ಮ ನಿಜವಾದ ವೈವಾ ಆವತ್ತು ಮುಗಿದಂತೆ.